ಓದು ಬಾರದ ದೊರೆಗೆ ಲೆಕ್ಕ ಒಪ್ಪಿಸಿದ ಪೂರ್ಣಯ್ಯ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಕ್ಯಾಂಪಸ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಜಾವಾ ಬರುತ್ತಾ, ಪೈಥಾನ್ ಬರುತ್ತಾ? ಕೋಡ್ ಬರೆಯೋರಿಗೆ ಬರವಿಲ್ಲ. ಆದರೆ ಒಂದು ವೆಬ್‌ಸೈಟ್ ಜನಕ್ಕೆ ಉಪಯೋಗ ಆಗಬೇಕಾದ್ರೆ ಇನ್ನಿಬ್ಬರು ಬೇಕು. ಯಾವ ಮಾಹಿತಿ ಯಾವ ಹೆಸರಿನ ಕೆಳಗೆ ಕೂರಬೇಕು, ಎಲ್ಲಿಂದ ಎಲ್ಲಿಗೆ ದಾರಿ ಇರಬೇಕು ಅಂತ ತೀರ್ಮಾನ ಮಾಡೋರು ಒಬ್ಬರು. ಇವರಿಗೆ ಇನ್ಫರ್ಮೇಷನ್ ಆರ್ಕಿಟೆಕ್ಟ್ ಅಂತಾರೆ. ಅದೇ ಮಾಹಿತಿ ನೋಡುವವರ ಕಣ್ಣಿಗೆ, ಬೆರಳಿಗೆ ಹೇಗೆ ಸಿಗಬೇಕು ಅಂತ ರೂಪಿಸೋರು ಇನ್ನೊಬ್ಬರು, ಅಂದ್ರೆ ಇಂಟರ್‌ಫೇಸ್ ಡಿಸೈನರ್. ಇವರನ್ನ ಆರಿಸೋದೇ ದೊಡ್ಡ ತಲೆನೋವು. ಕೋಡ್ ಆದ್ರೆ ಓಡಿಸಿ ನೋಡಬಹುದು. ಮಾಹಿತಿಯನ್ನ ಅಚ್ಚುಕಟ್ಟಾಗಿ ಜೋಡಿಸೋ ತಲೆ ಯಾರಿಗಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಗುತ್ತೆ? ಕೆಲಸಕ್ಕೆ ತಗೊಂಡ ಮೇಲೆ ಅವರು ಯಾರ ಪರವಾಗಿ ಕೆಲಸ ಮಾಡ್ತಾರೆ? ಅವರು ಬಿಟ್ಟು ಹೋದ್ರೆ ಆಮೇಲೆ ಗತಿ ಏನು?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬಂದಿರುವ ನಮಗೆ ಈ ಪ್ರಶ್ನೆಗಳು ಬಂದಾಗೆಲ್ಲ ನೆನಪಾಗೋದು ಒಬ್ಬರೇ, ದಿವಾನ್ ಪೂರ್ಣಯ್ಯ. ಯಳಂದೂರು ಅವರ ಜಹಗೀರು. ಶಾಲೆಯ ಪಾಠದಲ್ಲಿ ಅವರ ಬಗ್ಗೆ ಎರಡು ಸಾಲು ಓದಿ ಮುಂದೆ ಹೋಗಿರ್ತೀವಿ. ಆದರೆ ಒಬ್ಬರಿಗೊಬ್ಬರು ಶತ್ರುಗಳಾಗಿದ್ದ ಅಧಿಕಾರಗಳು ಒಂದಾದ ಮೇಲೊಂದರಂತೆ ಒಬ್ಬನೇ ಮನುಷ್ಯನನ್ನ ಒಂದೇ ಕೆಲಸಕ್ಕೆ ಇಟ್ಟುಕೊಂಡಿದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ಅಪರೂಪ. ಆ ಕೆಲಸ ಅಂದ್ರೆ ರಾಜ್ಯದ ಮಾಹಿತಿಯನ್ನ ಜೋಡಿಸಿಡೋದು.

ಪೂರ್ಣಯ್ಯ ಹುಟ್ಟಿದ್ದು 1746ರ ಸುಮಾರಿಗೆ, ಈಗಿನ ತಮಿಳುನಾಡಿನ ಕರೂರು ಕಡೆಯ ಒಂದು ಬಡ ಮಾಧ್ವ ಕುಟುಂಬದಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗೆ ಶೆಟ್ಟರ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ನಿಂತರು. ಆ ಶೆಟ್ಟರಿಗೆ ಶ್ರೀರಂಗಪಟ್ಟಣದ ಅನ್ನದಾನ ಶೆಟ್ಟರ ಜೊತೆ ವ್ಯವಹಾರ, ಅನ್ನದಾನ ಶೆಟ್ಟರು ಹೈದರಾಲಿಯ ಅರಮನೆಗೆ ಸಾಮಾನು ಒದಗಿಸುವವರು. ಹೀಗೆ ಅಂಗಡಿಯ ಲೆಕ್ಕ ಅರಮನೆಯ ಲೆಕ್ಕಕ್ಕೆ ತಾಗಿತು. ಹುಡುಗನ ಅಕ್ಷರ ಮುತ್ತಿನ ಹಾಗಿತ್ತು, ಲೆಕ್ಕ ತಪ್ಪುತ್ತಿರಲಿಲ್ಲ, ನಾಲ್ಕಾರು ಭಾಷೆ ಬರುತ್ತಿತ್ತು, ನೆನಪಿನ ಶಕ್ತಿ ಅಸಾಧ್ಯ. ಹೈದರನ ಕಣ್ಣಿಗೆ ಬಿದ್ದರು. ಇಂದಿನ ಮಾತಲ್ಲಿ ಹೇಳೋದಾದ್ರೆ ಅವರ ಪೋರ್ಟ್‌ಫೋಲಿಯೋ ಅಂದ್ರೆ ಶೆಟ್ಟರ ಅಂಗಡಿಯ ಖಾತೆ ಪುಸ್ತಕ, ಅಷ್ಟೇ. ಇಂಟರ್‌ವ್ಯೂ ಇಲ್ಲ, ಆಪ್ಟಿಟ್ಯೂಡ್ ಟೆಸ್ಟ್ ಇಲ್ಲ. ಮಾಡಿದ ಕೆಲಸ ನೋಡಿ ಕರೆದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹೈದರಾಲಿಗೆ ಓದು ಬರಹ ಬರುತ್ತಿರಲಿಲ್ಲ. ಸಹಿಗೆ ಅಂತ ಒಂದಕ್ಷರ ಗೀಚುತ್ತಿದ್ದ, ಅಷ್ಟೇ. ಆದರೆ ಕಿವಿಯಲ್ಲಿ ಕೇಳಿದ್ದನ್ನ ಮರೆಯುತ್ತಿರಲಿಲ್ಲ. ಒಂದು ದೊಡ್ಡ ರಾಜ್ಯದ ಕಂದಾಯ, ಸೈನ್ಯದ ಸಂಬಳ, ದವಸದ ದಾಸ್ತಾನು, ಎಲ್ಲ ಆ ಕಿವಿಗೆ ಒಪ್ಪಬೇಕು. ಅಂಥವನ ಮುಂದೆ ಕೂತು ಲೆಕ್ಕ ಒಪ್ಪಿಸೋದು ಅಂದ್ರೆ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಹಾಳೆ ತಿರುವಿ ತೋರಿಸೋ ಹಾಗಿಲ್ಲ. ಯಾವುದನ್ನ ಮೊದಲು ಹೇಳಬೇಕು, ಯಾವುದನ್ನ ಒಟ್ಟು ಮಾಡಿ ಹೇಳಬೇಕು, ಯಾವುದನ್ನ ಕೇಳಿದರೆ ಮಾತ್ರ ಬಿಡಿಸಬೇಕು, ಇವೆಲ್ಲ ಮೊದಲೇ ತಲೆಯಲ್ಲಿ ಜೋಡಿಸಿರಬೇಕು. ಸ್ಕ್ರೀನ್ ಇಲ್ಲದ ಇಂಟರ್‌ಫೇಸ್ ಅದು. ಬಳಸುವವನಿಗೆ ಓದು ಬಾರದು ಅಂತ ಅವನನ್ನ ದಡ್ಡ ಅಂದುಕೊಳ್ಳುವ ಡಿಸೈನರ್ ಆ ಸಭೆಯಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ. ನಮ್ಮಲ್ಲಿ ಎಷ್ಟೋ ಸರ್ಕಾರಿ ಆ್ಯಪ್‌ಗಳನ್ನ ನೋಡಿದಾಗ, ಅದನ್ನ ಮಾಡಿದವರನ್ನ ಒಂದು ವಾರ ಹೈದರನ ಮುಂದೆ ಕೂರಿಸಬೇಕಿತ್ತು ಅನ್ನಿಸೋದುಂಟು.

ಪೂರ್ಣಯ್ಯ ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡಲಿಲ್ಲ. ಮೈಸೂರಿನಲ್ಲಿ ಆಗಲೇ ಒಂದು ಒಳ್ಳೆಯ ವಿಂಗಡಣೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಹದಿನೆಂಟು ಚಾವಡಿ, ಅಂದ್ರೆ ಅಠಾರಾ ಕಚೇರಿ. (ಚಿಕ್ಕದೇವರಾಜರ ಮೊದಲ ಮಂತ್ರಿ ವಿಶಾಲಾಕ್ಷ ಪಂಡಿತರು ಯಳಂದೂರಿನವರೇ. ಊರಿನ ಅಭಿಮಾನ, ಹೇಳದೆ ಇರೋಕಾಗಲ್ಲ.) ಆ ಹೆಸರುಗಳನ್ನ ಒಮ್ಮೆ ಓದಿ ನೋಡಿ. ಬಂದ ಅರ್ಜಿ, ಹೋದ ಆಜ್ಞೆಗೆ ನಿರೂಪದ ಚಾವಡಿ. ಆದಾಯ ವೆಚ್ಚದ ಲೆಕ್ಕಕ್ಕೆ ಆಯಕಟ್ಟಿನ ಚಾವಡಿ. ಸುಂಕಕ್ಕೆ ಸುಂಕದ ಚಾವಡಿ. ಅರಮನೆಯ ದನಕರು, ಹಾಲು ಹೈನಿಗೆ ಬೆಣ್ಣೆ ಚಾವಡಿ. ಟಪಾಲು ಮತ್ತು ಗುಪ್ತ ಸುದ್ದಿಗೆ ಬೇಹಿನ ಚಾವಡಿ. ಕಬ್ಬಿಣದ ವ್ಯಾಪಾರಕ್ಕೆ ಕಬ್ಬಿಣದ ಚಾವಡಿ, ಗುಡಿಗಳಿಗೆ ದೇವಸ್ಥಾನದ ಚಾವಡಿ. ಕಾವೇರಿಯ ಉತ್ತರಕ್ಕೆ ಪಟ್ಟಣ ಹೋಬಳಿ, ದಕ್ಷಿಣಕ್ಕೆ ಮೈಸೂರು ಹೋಬಳಿ. ಹೆಸರು ಕೇಳಿದ ಕೂಡಲೇ ಒಳಗೆ ಏನಿದೆ ಅಂತ ಎಮ್ಮೆ ಮೇಯಿಸೋನಿಗೂ ಗೊತ್ತಾಗುತ್ತೆ. ಬೆಣ್ಣೆ ಚಾವಡಿ ಅನ್ನೋ ಹೆಸರನ್ನ ಈಗಿನ ಯಾವುದಾದರೂ ಇಲಾಖೆಗೆ ಇಡೋಕೆ ಹೇಳಿ, ಕಮಿಟಿ ಕೂತು ಏಳು ಪದಗಳ ಒಂದು ಹೆಸರು ತಂದಿಟ್ಟುಬಿಡುತ್ತೆ. ಮೆನುವಿಗೆ ಹೆಸರಿಡೋರು ಈ ಪಟ್ಟಿಯನ್ನ ಗೋಡೆಗೆ ಅಂಟಿಸಿಕೊಳ್ಳಬಹುದು ಅಂತ ನಮ್ಮ ಅಭಿಪ್ರಾಯ.

ಈ ಚಾವಡಿಗಳ ಲೆಕ್ಕ ಇರುತ್ತಿದ್ದದ್ದು ಕಡತದಲ್ಲಿ. ಇವತ್ತು ತಾಲ್ಲೂಕು ಆಫೀಸಿನಲ್ಲಿ ಕಡತ ಅಂದ್ರೆ ಫೈಲು. ಆಗ ಕಡತ ಅಂದ್ರೆ ಒಂದು ವಸ್ತು. ಒಂದಡಿಗಿಂತ ಕಡಿಮೆ ಅಗಲದ, ಹಲವು ಅಡಿ ಉದ್ದದ ಹತ್ತಿ ಬಟ್ಟೆ. ಅದಕ್ಕೆ ಅಂಟು ಮತ್ತು ಇದ್ದಿಲಿನ ಪುಡಿ ಕಲಸಿ ಬಳಿದು ಒಣಗಿಸಿದರೆ ಕರಿ ಹಲಗೆಯ ಹಾಗೆ ಆಗುತ್ತೆ. ಅದರ ಮೇಲೆ ಬಳಪದಲ್ಲಿ ಬರೆಯೋದು. ಸುರುಳಿ ಸುತ್ತೋದಿಲ್ಲ, ಹಾರ್ಮೋನಿಯಂ ತಿದಿಯ ಹಾಗೆ ಮಡಚಿ, ಎರಡು ತುದಿಗೂ ಮರದ ಪಟ್ಟಿ ಹಾಕಿ ಕಟ್ಟೋದು. ಮಡಚೋದಕ್ಕೂ ಸುತ್ತೋದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಸುರುಳಿಯಲ್ಲಿ ಹತ್ತನೇ ಅಡಿಯ ಲೆಕ್ಕ ಬೇಕು ಅಂದ್ರೆ ಒಂಬತ್ತು ಅಡಿ ಬಿಚ್ಚಬೇಕು. ಮಡಿಕೆಯಲ್ಲಾದರೆ ನೇರ ಹತ್ತನೇ ಮಡಿಕೆ ತೆಗೆಯಬಹುದು. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಅರೇಗೂ ಲಿಂಕ್ಡ್ ಲಿಸ್ಟಿಗೂ ಇರುವ ವ್ಯತ್ಯಾಸ ಹೇಳಿಕೊಡ್ತಾರಲ್ಲ, ಅದೇ. ತಪ್ಪಾದರೆ ಒರೆಸಿ ತಿದ್ದಬಹುದು, ಬಟ್ಟೆ ಹಳತಾದರೆ ಮತ್ತೆ ಮಸಿ ಬಳಿಯಬಹುದು. ಹಾಗೇ ಇಟ್ಟರೆ ಕಾಗದಕ್ಕಿಂತ ಹೆಚ್ಚು ಬಾಳುತ್ತೆ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಚರಿತ್ರೆ ಬರೆಯೋರಿಗೆ ಆಧಾರ.

ಪೂರ್ಣಯ್ಯನವರ ಹೆಸರು ನಿಂತಿದ್ದು 1782ರ ಡಿಸೆಂಬರ್‌ನಲ್ಲಿ. ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ಸತ್ತ. ಇಂಗ್ಲಿಷರ ಜೊತೆ ಯುದ್ಧ ನಡೀತಾ ಇದೆ, ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದಾನೆ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತೆ. ಪೂರ್ಣಯ್ಯ ಮತ್ತು ಅವರ ಜೊತೆಗಾರ ಕೃಷ್ಣರಾವ್ ಸೇರಿ ಆ ಸಾವನ್ನ ಮುಚ್ಚಿಟ್ಟರು. ದೇಹವನ್ನ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನು ಸಾಗಿಸುವ ಹಾಗೆ ಕೋಲಾರಕ್ಕೆ ಕಳಿಸಿದರು. ಪಾಳೆಯದಲ್ಲಿ ದಿನನಿತ್ಯದ ಕೆಲಸ ಎಂದಿನ ಹಾಗೇ ನಡೆಯಿತು, ಹುಷಾರಿಲ್ಲದ ನವಾಬರ ಹೆಸರಲ್ಲೇ ಆಜ್ಞೆಗಳು ಹೊರಟವು. ಟಿಪ್ಪು ಬಂದು ಸೇರುವ ಹೊತ್ತಿಗೆ ಮೂರು ವಾರಕ್ಕೂ ಹೆಚ್ಚು ಕಳೆದಿತ್ತು. ಯಾರಿಗೆ ಯಾವ ಮಾಹಿತಿ ಕಾಣಬೇಕು, ಯಾರಿಗೆ ಕಾಣಬಾರದು ಅನ್ನೋ ಹಿಡಿತ ಲೆಕ್ಕ ಬರೆಯುವವರ ಕೈಯಲ್ಲಿತ್ತು. ಅವರು ಮನಸ್ಸು ಮಾಡಿದ್ರೆ ಆ ಹಿಡಿತವನ್ನ ಬೇರೆ ಯಾರಿಗೆ ಬೇಕಾದರೂ ಮಾರಬಹುದಿತ್ತು. ಮಾರಲಿಲ್ಲ. ಟಿಪ್ಪು ಅವರನ್ನೇ ಮುಂದುವರಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಟಿಪ್ಪುವಿಗೆ ಬದಲಾವಣೆಯ ಹುಚ್ಚು. ತಿಂಗಳುಗಳ ಹೆಸರು, ವರ್ಷದ ಎಣಿಕೆ, ತೂಕ, ಅಳತೆ, ಊರುಗಳ ಹೆಸರು, ಕಚೇರಿಯ ಹೆಸರು, ಎಲ್ಲ ಹೊಸದು. ಕಚೇರಿಯ ಲೆಕ್ಕಕ್ಕೆ ಪಾರ್ಸಿ ಬಂತು. ಮೈಸೂರಿನ ನಜರ್‌ಬಾದ್, ಸಕಲೇಶಪುರದ ಮಂಜರಾಬಾದ್ ಆ ಕಾಲದ ಹೆಸರುಗಳೇ. ಉಳಿದವು ಬಹುಪಾಲು ಅಳಿಸಿಹೋದವು. ಹಳೆಯ ಹೆಸರಲ್ಲೇ ಹುಡುಕುವ ಜನರನ್ನ ಇಟ್ಟುಕೊಂಡು ಹೊಸ ಲೇಬಲ್ ಹಚ್ಚೋದು ಎಂಥ ಕಷ್ಟ ಅಂತ ವೆಬ್‌ಸೈಟ್ ರೀಡಿಸೈನ್ ಮಾಡಿದ ಯಾರನ್ನ ಕೇಳಿದರೂ ಹೇಳ್ತಾರೆ. ಹಳ್ಳಿಯ ಶಾನುಭೋಗ ಕನ್ನಡದಲ್ಲೇ ಬರೀತಿದ್ದ, ಮೇಲಿನವರಿಗೆ ಪಾರ್ಸಿ ಬೇಕು. ಇವೆರಡರ ನಡುವೆ ಲೆಕ್ಕ ತಾಳೆಯಾಗಬೇಕಾದ್ರೆ ಎರಡೂ ಕಡೆ ಗೊತ್ತಿರೋರು ಬೇಕು. ಅಂಥ ಕೆಲವೇ ಜನರಲ್ಲಿ ಪೂರ್ಣಯ್ಯ ಒಬ್ಬರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ನಮಗೆ ಮುಖ್ಯ ಅನ್ನಿಸೋ ನೇಮಕಾತಿ ನಡೆದದ್ದು ಆಗ. ಗೆದ್ದ ಇಂಗ್ಲಿಷರು ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಜೂನ್ 30ರಂದು ಪಟ್ಟಕ್ಕೆ ಕೂರಿಸಿದರು. ದಿವಾನಗಿರಿ ಯಾರಿಗೆ? ಒಬ್ಬ ಹಕ್ಕುದಾರ ಸಿದ್ಧವಾಗೇ ಇದ್ದರು. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ವರ್ಷಗಟ್ಟಲೆ ಮದರಾಸಿನಲ್ಲಿ ಇಂಗ್ಲಿಷರ ಬಾಗಿಲು ಕಾದ ತಿರುಮಲರಾವ್. ಒಡೆಯರ ಮನೆತನಕ್ಕಾಗಿ ಬದುಕು ಸವೆಸಿದ ಮನುಷ್ಯ. ನಿಷ್ಠೆಯೇ ಅಳತೆಗೋಲಾಗಿದ್ದರೆ ಪಟ್ಟ ಅವರದ್ದು. ಆದರೆ ಕೆಲಸ ಸಿಕ್ಕಿದ್ದು ನಿನ್ನೆಯವರೆಗೂ ಎದುರು ಪಾಳೆಯದಲ್ಲಿದ್ದ ಪೂರ್ಣಯ್ಯನವರಿಗೆ. ಯಾಕೆ ಅಂದ್ರೆ ಯಾವ ತಾಲ್ಲೂಕಿನಿಂದ ಎಷ್ಟು ಬರುತ್ತೆ, ಯಾರಿಗೆ ಎಷ್ಟು ಕೊಡಬೇಕು, ಯಾವ ಕೋಟೆಯಲ್ಲಿ ಯಾರಿದ್ದಾರೆ ಅನ್ನೋದು ಅವರಿಗೆ ಗೊತ್ತಿತ್ತು. ಜುಲೈ 8ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ 7 ಲಕ್ಷ ವರಹ ಕಪ್ಪ ಕಟ್ಟಬೇಕು. ಅದನ್ನ ಕಟ್ಟಿಸಬಲ್ಲವನು ಬೇಕಿತ್ತು, ಅಷ್ಟೇ.

ಇದನ್ನ ದ್ರೋಹ ಅನ್ನಬೇಕಾ? ನಮ್ಮ ನಮ್ಮಲ್ಲೇ ಇದರ ಬಗ್ಗೆ ಜಗಳ ಆಗಿದೆ. ಮೀರ್ ಸಾದಿಕನ ಜೊತೆ ಪೂರ್ಣಯ್ಯನವರ ಹೆಸರನ್ನೂ ಸೇರಿಸಿ ಹೇಳುವ ಕತೆಗಳು ಬಹಳ ಇವೆ. ಕೋಟೆ ಬೀಳುವಂತೆ ಅವರು ಏನಾದರೂ ಮಾಡಿದರು ಅನ್ನೋದಕ್ಕೆ ಗಟ್ಟಿ ಆಧಾರ ನಮಗಂತೂ ಕಂಡಿಲ್ಲ. ಆದರೆ ಯಜಮಾನ ಸತ್ತು ಎರಡು ತಿಂಗಳಾಗುವುದರೊಳಗೆ ಅವನನ್ನ ಕೊಂದವರ ಕೆಳಗೆ ಅದೇ ಕುರ್ಚಿಯಲ್ಲಿ ಕೂತರು ಅನ್ನೋದು ಸುಳ್ಳಲ್ಲ. ಅವರು ಕೂರದೇ ಹೋಗಿದ್ದರೆ ಮೈಸೂರಿನ ಹಳ್ಳಿಗಳ ಲೆಕ್ಕ ಏನೂ ಗೊತ್ತಿಲ್ಲದ ಪರದೇಶದವರ ಕೈಗೆ ಹೋಗುತ್ತಿತ್ತು ಅನ್ನೋದೂ ಸುಳ್ಳಲ್ಲ. ನಮ್ಮಲ್ಲಿ ಒಂದಿಬ್ಬರು ಈಗಲೂ ತಿರುಮಲರಾಯರ ಪಕ್ಷ.

ಕೆಲಸ ಮಾತ್ರ ಚೆನ್ನಾಗಿ ಮಾಡಿದರು. ಇಲಾಖೆಗಳನ್ನ ಮತ್ತೆ ವಿಂಗಡಿಸಿದರು. ಕೆರೆ ಕಾಲುವೆ ರಿಪೇರಿಯಾದವು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಕಂಬ, ಕಲ್ಲಿನ ಚಪ್ಪಡಿಗಳ ವೆಲ್ಲೆಸ್ಲಿ ಸೇತುವೆ ಕಟ್ಟಿಸಿದ್ದು ಅವರೇ, 1804ರಲ್ಲಿ. ಸಿವಿಲ್‌ನವರು ಹೋಗಿ ನೋಡಲೇಬೇಕು. ಕೈಕೊಟ್ಟ ಪ್ರಾಜೆಕ್ಟೂ ಒಂದಿದೆ. ಕಾವೇರಿ ನೀರನ್ನ ಮೈಸೂರು ಊರಿಗೆ ತರ್ತೀನಿ ಅಂತ ತೋಡಿಸಿದ ಪೂರ್ಣಯ್ಯ ನಾಲೆ. ನೀರು ಬರಲೇ ಇಲ್ಲ. ಅದರ ಗುರುತು ಇವತ್ತಿಗೂ ಮೈಸೂರಿನಲ್ಲಿದೆ. ಅವರ ಆಡಳಿತದ ಲೆಕ್ಕಾಚಾರ ಎಷ್ಟು ಸ್ಪಷ್ಟವಾಗಿತ್ತು ಅಂದ್ರೆ, ಮೈಸೂರಿನಲ್ಲಿದ್ದ ಇಂಗ್ಲಿಷ್ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನ ಆಧರಿಸಿ ಒಂದು ಇಡೀ ವರದಿ ಬರೆದ. 1805ರಲ್ಲಿ ಅದು ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಅಚ್ಚಾಯಿತು.

ಆದರೆ ಈ ಅಚ್ಚುಕಟ್ಟಾದ ವ್ಯವಸ್ಥೆಯ ಯೂಸರ್ ಯಾರು? ಡಿಸೈನ್ ಕ್ಲಾಸಿನಲ್ಲಿ ಮೊದಲು ಕೇಳೋ ಪ್ರಶ್ನೆ ಇದು. ಹೈದರನ ಕಾಲದಲ್ಲಿ ಹೈದರ್. 1799ರ ನಂತರ, ನಮಗೆ ಕಾಣೋ ಹಾಗೆ, ಕಂಪನಿ. ಕಪ್ಪ ಒಂದು ವರ್ಷವೂ ತಪ್ಪಲಿಲ್ಲ, ಮೇಲೆ ಖಜಾನೆಯಲ್ಲಿ ಹಣ ತುಂಬಿತು. ಎರಡು ಕೋಟಿ ರೂಪಾಯಿಗೂ ಮೀರಿ ಇತ್ತು ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಆ ಹಣ ಬಂದಿದ್ದು ಹೊಲ ಉಳುವವನ ಕೈಯಿಂದ. ಶಾನುಭೋಗನ ಕಡತದಲ್ಲಿ ರೈತನ ಹೆಸರಿತ್ತು ನಿಜ. ಆದರೆ ಅವನು ಅದನ್ನ ಬಿಚ್ಚಿ ತನ್ನ ಲೆಕ್ಕ ತಾನೇ ನೋಡಿಕೊಳ್ಳೋ ಹಾಗಿರಲಿಲ್ಲ.

ಈ ಹೊತ್ತಿಗೆ ನಮ್ಮ ಸೀಮೆ ಎರಡಾಗಿತ್ತು. 1799ರ ಹಂಚಿಕೆಯಲ್ಲಿ ಕೊಳ್ಳೇಗಾಲ, ಅದರ ಜೊತೆಗೆ ಹನೂರು, ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅರ್ಧ ಗಂಟೆ ದಾರಿಯ ಯಳಂದೂರು ಮೈಸೂರಿಗೆ ಉಳಿಯಿತು. 1800ರಲ್ಲಿ ಗವರ್ನರ್ ಜನರಲ್ ಕಳಿಸಿದ ಫ್ರಾನ್ಸಿಸ್ ಬುಕನನ್ ಮೊದಲು ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರನ್ನ ಕಂಡು, ಆಮೇಲೆ ನಮ್ಮ ಕೊಳ್ಳೇಗಾಲ, ಹನೂರು ದಾರಿಯಲ್ಲೇ ಕಾವೇರಿಪುರದ ಘಾಟಿ ಇಳಿದು ಹೋದ. ಊರೂರಲ್ಲಿ ನಿಂತು ಏನು ಬೆಳೀತೀರಿ, ಎಷ್ಟು ಸಿಗುತ್ತೆ ಅಂತ ಜನರನ್ನೇ ಕೇಳಿ ಬರೆದುಕೊಂಡ. ಯೂಸರ್ ರಿಸರ್ಚ್ ಅನ್ನೋದಾದ್ರೆ ಅದೇ, ಉಪಯೋಗ ಯಾರಿಗಾಯ್ತು ಅನ್ನೋದು ಬೇರೆ ಮಾತು. ಕೊಳ್ಳೇಗಾಲ ಮೈಸೂರಿಗೆ ವಾಪಸ್ ಬಂದಿದ್ದು 1956ರ ನವೆಂಬರ್ 1ರಂದು. ನಮ್ಮ ಮನೆಗಳ ಹಳೆಯ ಆಸ್ತಿ ಪತ್ರಗಳಲ್ಲಿ ಕೊಯಮತ್ತೂರು ಜಿಲ್ಲೆ ಅಂತ ಇರೋದು ಇದಕ್ಕೇ. ಪಕ್ಕದ ಯಳಂದೂರಿನವರ ಪತ್ರದಲ್ಲಿ ಆ ಮಾತೇ ಇರಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂರುವ ಎರಡು ಊರು, ನೂರೈವತ್ತು ವರ್ಷ ಬೇರೆ ಬೇರೆ ಡೇಟಾಬೇಸ್.

1807ರ ಡಿಸೆಂಬರ್‌ನಲ್ಲಿ ಪೂರ್ಣಯ್ಯನವರ ಸೇವೆಗೆ ಯಳಂದೂರನ್ನ ವಂಶಪಾರಂಪರ್ಯ ಜಹಗೀರಾಗಿ ಕೊಟ್ಟರು. ಬಿಳಿಗಿರಿರಂಗನ ಬೆಟ್ಟದ ತಪ್ಪಲು, ಸುವರ್ಣಾವತಿ ನದಿ, ಗದ್ದೆ ಬಯಲು. ಅಂಗಡಿಯ ಗುಮಾಸ್ತನಾಗಿ ಶುರು ಮಾಡಿದವರಿಗೆ ಒಂದು ಸೀಮೆಯೇ ಸಂಬಳ. ಇಷ್ಟು ದೊಡ್ಡ ಪ್ಯಾಕೇಜ್ ನಮ್ಮ ಕಾಲೇಜಿನ ಹಿಸ್ಟರಿಯಲ್ಲಿ ಇಲ್ಲ.

ಕೊನೆಯ ಭಾಗ ಓದೋಕೆ ಸ್ವಲ್ಪ ಬೇಜಾರು. ಹುಡುಗ ರಾಜ ದೊಡ್ಡವರಾದರು. ಪೂರ್ಣಯ್ಯನವರಿಗೆ ಮಾತ್ರ ಅವರು ಇನ್ನೂ ಹುಡುಗನೇ. ಅಧಿಕಾರ ಬಿಟ್ಟುಕೊಡೋಕೆ ಮನಸ್ಸಿರಲಿಲ್ಲ. ಇಬ್ಬರ ನಡುವೆ ಮುನಿಸು ಬೆಳೆಯಿತು. 1811ರಲ್ಲಿ ಕೆಲಸ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು, 1812ರ ಮಾರ್ಚ್‌ನಲ್ಲಿ ತೀರಿಕೊಂಡರು. ಹನ್ನೆರಡು ವರ್ಷ ರಾಜ್ಯ ನಡೆಸಿದವರು ಆ ಹುಡುಗನಿಗೆ ಕಡತ ಬಿಚ್ಚಿ ಲೆಕ್ಕ ಓದೋದನ್ನ ಕಲಿಸಿಕೊಡಲಿಲ್ಲ. ತಮ್ಮ ಜಾಗಕ್ಕೆ ಒಬ್ಬರನ್ನ ತಯಾರು ಮಾಡಲಿಲ್ಲ. ಸೇತುವೆ ಕಟ್ಟಿದ್ದು, ನಾಲೆ ಸೋತಿದ್ದು ಎಲ್ಲ ಪಕ್ಕಕ್ಕಿರಲಿ, ಅವರ ಮೇಲೆ ನಮ್ಮ ದೂರು ಅಂದ್ರೆ ಇದೊಂದೇ. ಓದು ಬಾರದ ಹೈದರನಿಗೆ ಇಡೀ ರಾಜ್ಯವನ್ನ ಅರ್ಥ ಮಾಡಿಸಿದವರು, ಓದು ಬಲ್ಲ ಒಡೆಯರಿಗೆ ಮಾಡಿಸಲಿಲ್ಲ. ಪಾಸ್‌ವರ್ಡ್ ತಮ್ಮ ಹತ್ತಿರವೇ ಇಟ್ಟುಕೊಂಡು ಹೋದರು.

ಮುಂದಿನದು ಗೊತ್ತೇ ಇದೆ. ತುಂಬಿದ್ದ ಖಜಾನೆ ಖಾಲಿಯಾಯಿತು, ಸಾಲ ಏರಿತು, 1830ರಲ್ಲಿ ನಗರದ ಕಡೆ ರೈತರು ದಂಗೆ ಎದ್ದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನ ತಾವೇ ವಹಿಸಿಕೊಂಡರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು ಐವತ್ತು ವರ್ಷದ ನಂತರ, 1881ರಲ್ಲಿ. ಪೂರ್ಣಯ್ಯನವರ ವಂಶದವರೇ ಆದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮತ್ತೆ ಮೈಸೂರಿನ ದಿವಾನರಾಗಿದ್ದರು.

ಯಳಂದೂರಿನಲ್ಲಿ ಜಹಗೀರುದಾರರ ಬಂಗಲೆ ಇನ್ನೂ ಇದೆ. ಬೆಟ್ಟಕ್ಕೆ ಟ್ರಿಪ್ ಹೋಗೋರು ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿಕೊಂಡು ಹಾಗೇ ಅಲ್ಲಿಗೂ ಹೋಗಿ ಬನ್ನಿ. ಇನ್ನೊಂದು ಮಾತು. ಮೂರೂ ತಾಲ್ಲೂಕಿನಲ್ಲಿ ಹಳೆಯ ಶಾನುಭೋಗರ, ಪಟೇಲರ ಮನೆಗಳಿವೆ. ಅಟ್ಟದ ಮೇಲೆ ಕಪ್ಪಗೆ ಮಡಚಿಟ್ಟ ಬಟ್ಟೆಯ ಕಟ್ಟು ಏನಾದರೂ ಕಂಡ್ರೆ ಹಳೆ ಬಟ್ಟೆ ಅಂತ ಬಿಸಾಕಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಬಳಪದ ಅಕ್ಷರ ಒರೆಸಿಹೋಗುತ್ತೆ. ಮಡಿಕೆ ಮಡಿಕೆಯಾಗಿ ಫೋಟೋ ತೆಗೆದು ಕನ್ನಡ ಸಂಘಕ್ಕೆ ಕಳಿಸಿ. ಓದೋರನ್ನ ನಾವು ಹುಡುಕ್ತೀವಿ.